ಬಯಕೆ ಬುತ್ತಿ ಕಸಿದವರು

ಹೋದ ತಿಂಗಳು ನಮ್ಮ ಊರಿನ ಹಳೆಯ ನರ್ಸಬಾಯಾರು ಇಂಡಿಯಲ್ಲಿ ತೀರಿಕೊಂಡರು. ಸುದ್ದಿ ಹೇಳಲು ಫೋನ್ ಮಾಡಿದವಳು ನಮ್ಮ ಎದುರು ಮನೆಯ ಗೌಡತಿ. ಆಕೆ ಮೊದಲು ಆಡಿದ ಮಾತು, "ಪಾಪ, ಸಿಹಿ ಅಂದ್ರ ಜೀವಾ ಬಿಡ್ತಿದ್ರು ನೋಡ್ರಿ" ಎಂದು. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಊರಿನ ಬಸುರಿ ಬಾಣಂತಿಯರ ಬೆನ್ನು ಹತ್ತಿ ತಿರುಗಿದ ಒಬ್ಬ ಹೆಂಗಸಿನ ಬಗ್ಗೆ ಊರು ನೆನಪಿಟ್ಟುಕೊಂಡದ್ದು ಇಷ್ಟೇ: ಆಕೆಗೆ ತಿನ್ನುವ ಚಟವಿತ್ತು. ಅದು ಶುದ್ಧ ಸುಳ್ಳು. ಆ ಸುಳ್ಳಿನಲ್ಲಿ ನನ್ನ ಪಾಲೂ ಇದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಊರಲ್ಲೂ ಯಾರೂ ಅವರನ್ನು ಹೆಸರಿನಿಂದ ಕರೆದವರಲ್ಲ. ಎದುರಿಗೆ ಬಾಯಾರು, ಹಿಂದಿನಿಂದ ನರ್ಸಬಾಯಿ. ಮುದ್ದೇಬಿಹಾಳದ ಕಡೆಯವರು. ಗಂಡ ಬೇಗ ತೀರಿಹೋಗಿದ್ದ. ಒಬ್ಬನೇ ಮಗನನ್ನು ಕಟ್ಟಿಕೊಂಡು ಇಂಡಿಯಲ್ಲಿ ಬಾಡಿಗೆ ಮನೆ ಮಾಡಿದ್ದರು. ದಿನಾ ಮುಂಜಾನೆ ಚಡಚಣದ ಬಸ್ಸಿನಲ್ಲಿ ಬಂದು ನಮ್ಮೂರ ಕ್ರಾಸಿನಲ್ಲಿ ಇಳಿದು, ಅಲ್ಲಿಂದ ಉಪಕೇಂದ್ರದವರೆಗೆ ನಡೆದು ಬರುವರು. ಕುಳ್ಳ ಆಳು. ಸೆರಗಿಗೆ ನಾಲ್ಕೈದು ಸೇಫ್ಟಿ ಪಿನ್ನು, ಕೈಯಲ್ಲಿ ಗಂಡಸರ ಗಡಿಯಾರ, ಹೆಗಲಿಗೆ ಒಂದು ಕರಿಯ ರೆಕ್ಸಿನ್ ಚೀಲ. ಏನಾದರೂ ಮನಸ್ಸಿಗೆ ಬರಲಿಲ್ಲವೆಂದರೆ ಮೂಗು ಮುರಿದು "ಥೂ" ಅನ್ನುವರು. ಅವರ ಮನಸ್ಸಿಗೆ ಬರುವಂಥದ್ದು ನಮ್ಮೂರಲ್ಲಿ ಬಹಳ ಇರಲಿಲ್ಲ.

ತಿಂಗಳಿಗೊಮ್ಮೆ ಬಸುರಿಯರನ್ನೆಲ್ಲ ಉಪಕೇಂದ್ರಕ್ಕೆ ಕರೆದು ಗ್ಲುಕೋಸ್ ನೀರು ಕುಡಿಸುವರು. ಕುಡಿದು ಎರಡು ತಾಸು ಕಟ್ಟೆಯ ಮೇಲೆ ಕೂತಿರಬೇಕು. ಆಮೇಲೆ ಬೆರಳು ಚುಚ್ಚಿ ರಕ್ತದಲ್ಲಿ ಸಕ್ಕರೆ ಎಷ್ಟಿದೆ ನೋಡುವರು. ಆ ನೀರು ಕಲಸುವಾಗ ಅವರೇ ಸೆರಗನ್ನು ಮೂಗಿಗೆ ಹಿಡಿದು ಮುಖ ಆಚೆ ತಿರುಗಿಸುತ್ತಿದ್ದರು. ಯಾರಾದರೂ ಅರ್ಧ ಕುಡಿದು ಉಳಿದದ್ದನ್ನು ಬೇವಿನ ಗಿಡದ ಬುಡಕ್ಕೆ ಚೆಲ್ಲಿದರೆ ಅವರಿಗೆ ತಿಳಿಯುತ್ತಿತ್ತು, ಬೆನ್ನಿಗೂ ಕಣ್ಣಿತ್ತು. "ಗಿಡಕ್ಕ ಬರಂಗಿಲ್ಲವಾ ಸಕ್ಕರಿ ಜಡ್ಡು, ನಿನಗ ಬರ್ತೈತಿ. ನಾಳಿ ಬಂದು ಹೊಳ್ಳಿ ಕುಡಿ" ಅನ್ನುವರು. ಬಾರದಿದ್ದರೆ ಮನೆಗೇ ಬಂದು ಹೊಸ್ತಿಲಲ್ಲಿ ಕೂಡುವರು. ಅವರ ಬಾಯಿಗೆ ಊರು ಹೆದರುತ್ತಿತ್ತು.

ನಾನು ಬಸವನ ಬಾಗೇವಾಡಿಯ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು. ನಮ್ಮದು ಗಾಣದ ಮನೆ. ಕಬ್ಬು ಅರೆದು ಬೆಲ್ಲ ಮಾಡುವವರು. ಹಂಗಾಮಿನಲ್ಲಿ ನಾಲ್ಕು ತಿಂಗಳು ಮನೆ, ಬಟ್ಟೆ, ಹಾಸಿಗೆ, ತಲೆಗೂದಲು ಎಲ್ಲಕ್ಕೂ ಕುದಿಯುವ ಪಾಕದ ವಾಸನೆ. ಕೊಪ್ಪರಿಗೆಯ ನೊರೆ ತೆಗೆದು ಹಿತ್ತಲಿಗೆ ಚೆಲ್ಲುತ್ತಾರೆ, ಅದು ಅಲ್ಲೇ ಹುಳಿತು ನೊಣ ಮುತ್ತುತ್ತದೆ. ಊರಿಗೆ ಅದು ಶ್ರೀಮಂತಿಕೆಯ ವಾಸನೆ. ನನಗೆ ಮೊದಲ ಬಸುರಿನಿಂದಲೇ ಅದು ಹೊಟ್ಟೆ ತೊಳಸುವ ವಾಸನೆ. ಅತ್ತೆ ಮಾತ್ರ, "ಅಂಗಡಿ ಸಕ್ಕರಿ ತಿಂದ್ರ ಜಡ್ಡು. ನಮ್ಮ ಬೆಲ್ಲ ಔಷಧ" ಎಂದು ಊರಿಗೆಲ್ಲ ಹೇಳುತ್ತಿದ್ದರು. ಆ ಮಾತಿನ ಮೇಲೆಯೇ ನಮ್ಮ ಬೆಲ್ಲ ಹೋಗುತ್ತಿತ್ತು. ಸೊಸೆಯೇ ಬೆಲ್ಲ ಬೇಡ ಅಂದರೆ ಮನೆತನದ ಮಾನ ಏನಾಗಬೇಕು?

ಈ ಭಾಗದಲ್ಲಿ ಚೊಚ್ಚಲ ಬಸುರಿಗೆ ಕುಬಸ ಮಾಡುತ್ತಾರೆ, ಹಸಿರು ಸೀರೆ ಉಡಿಸಿ ಆರತಿ ಎತ್ತುತ್ತಾರೆ. ಅದು ಒಮ್ಮೆ ಮಾತ್ರ. ಬಯಕೆ ಬುತ್ತಿ ಹಾಗಲ್ಲ, ನಮ್ಮೂರಲ್ಲಿ ಅದು ಪ್ರತಿ ಬಸುರಿಗೂ ಬರುತ್ತದೆ. ಬೀಗರು, ಓಣಿಯವರು, ಗೆಳತಿಯರು ಒಬ್ಬೊಬ್ಬರಾಗಿ ಹೋಳಿಗೆ, ಕರ್ಚಿಕಾಯಿ, ರವೆ ಉಂಡಿ ಕಟ್ಟಿಕೊಂಡು ಬರುತ್ತಾರೆ. ತಂದವರು ಎದುರಿಗೆ ಕೂತು ನೋಡುತ್ತಾರೆ. ಬಸುರಿ ತಾಟು ಬರಿದು ಮಾಡಿಯೇ ಏಳಬೇಕು. ಬಿಟ್ಟರೆ ತಂದವರಿಗೆ ಅವಮಾನ, ಹೊಟ್ಟೆಯ ಕೂಸಿಗೆ ಕೇಡು. ಒಂದು ತಿಂಗಳು ಹೀಗೆಯೇ ನಡೆಯುತ್ತದೆ. ಆ ಹೆಂಗಸರ ಕಣ್ಣು ನನ್ನ ಬಾಯಿಯ ಮೇಲೆ ನೆಟ್ಟಿರುತ್ತಿತ್ತು.

ಮೊದಲ ಬಸುರಿನ ಏಳನೆಯ ತಿಂಗಳಲ್ಲಿ ಬಾಯಾರು ನನ್ನ ಬೆರಳು ಚುಚ್ಚಿ, ಯಂತ್ರ ನೋಡಿ, "ನೂರಾ ಎಂಬತ್ತಾರು. ನೂರಾ ನಲವತ್ತು ದಾಟಬಾರದು" ಎಂದರು. ನಾನು ಡಿ.ಎಡ್. ಓದಿದವಳು, ನನಗೆ ಅರ್ಥವಾಗದ ಮಾತಲ್ಲ. ಆದರೂ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತೆ. ಮುಂದೆ ತಾಟು, ತಾಟಿನಲ್ಲಿ ಐದು ಹೋಳಿಗೆ, ಮೇಲೆ ತುಪ್ಪ. ಅಷ್ಟರಲ್ಲಿ ಬಾಯಾರು ಕರೆಯದೇ ಬಂದರು, ನನ್ನ ಮಗ್ಗುಲಲ್ಲಿ ಧೊಪ್ಪೆಂದು ಕೂತರು. "ಆರತಿ ಮುಗೀತಲ್ಲ, ಇಕಿ ಕೂಡ ಒಂದ ತಾಟಿನಾಗ ಉಣ್ತೇನಿ ನಾನೂ. ನಂಗ ಬಾಳ ಸೇರ್ತೈತಿ" ಎಂದು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ನಾಲ್ಕು ಹೋಳಿಗೆಯನ್ನು ಪೇಪರಿನಲ್ಲಿ ಸುತ್ತಿ ಕರಿಯ ಚೀಲಕ್ಕೆ ಇಳಿಸಿದರು. "ಮನಿಗೆ ಒಯ್ತೇನಿ, ಮಗಾ ತಿಂತಾನ." ತಾಟು ಬರಿದಾಯಿತು, ಪದ್ಧತಿ ನಡೆಯಿತು. ಹೆಂಗಸರು ಒಬ್ಬರನ್ನೊಬ್ಬರು ನೋಡಿ ಸೆರಗು ಬಾಯಿಗೆ ಹಿಡಿದರು. ಯಾವ ಬಸುರಿಗೆ ಬುತ್ತಿ ಬಂದರೂ ಅವರು ಹಾಜರು ಎಂದು ಊರು ಆಡಿಕೊಳ್ಳುತ್ತಿತ್ತು. ಎಲ್ಲ ಬಸುರಿಯರ ಮನೆಗಲ್ಲ, ಯಂತ್ರದಲ್ಲಿ ಅಂಕಿ ಮೇಲೇರಿದವರ ಮನೆಗೆ ಮಾತ್ರ. ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ತಂದುಕೊಳ್ಳಲಿಲ್ಲ.

ಚೊಚ್ಚಲ ಹೆರಿಗೆ ತವರಲ್ಲಿ. ಅಲ್ಲಿ ನನ್ನ ತಾಟಿಗೆ ಕೈ ಹಾಕಲು ಯಾರೂ ಇರಲಿಲ್ಲ. ಸಕ್ಕರೆ ಏರಿ ಕೂಸು ನಾಲ್ಕೂಕಾಲು ಕಿಲೋ ಬೆಳೆದಿತ್ತು. ತಲೆ ಬಂದು ಭುಜ ಸಿಕ್ಕಿಕೊಂಡಿತು, ಎಳೆದಾಡಿ ತೆಗೆದರು. ಐದು ತಿಂಗಳ ಮೇಲೆ ಕೂಸನ್ನು ಕರೆದುಕೊಂಡು ಬಂದಾಗ ಅತ್ತೆ ತೊಟ್ಟಿಲ ಸುತ್ತ ಹೆಂಗಸರನ್ನು ಸೇರಿಸಿ, "ನಾಕೂಕಾಲು ಕಿಲೋ ನೋಡ್ರಿ, ನಮ್ಮ ಬೆಲ್ಲ ತುಪ್ಪದ ಮೈ" ಎಂದು ಮೆರೆದರು. ಎಲ್ಲರೂ ಕೆನ್ನೆ ಹಿಂಡಿದರು. ಬಾಯಾರು ಮಾತ್ರ ಬಾಗಿ ಮಗಳ ಎಡಗೈ ಎತ್ತಿ ಬಿಟ್ಟರು. ಅದು ಒದ್ದೆ ಬಟ್ಟೆಯ ಹಾಗೆ ಕೆಳಗೆ ಬಿತ್ತು.

"ಇದು ಯಾರಿಗೂ ಕಾಣಲಿಲ್ಲೇನ?" ಎಂದರು.

"ದೃಷ್ಟಿ ಆಗೇತಿ ಬಾಯಾರ. ದಷ್ಟಪುಷ್ಟ ಕೂಸಲ್ಲೇನ" ಎಂದರು ಅತ್ತೆ.

"ಥೂ" ಎಂದರು ಬಾಯಾರು. ಅದು ಅತ್ತೆಗಲ್ಲ, ನನಗೆ. ನನ್ನ ಮುಖ ನೋಡಿಯೇ ಅಂದರು. ಆಮೇಲೆ ವಿಜಯಪುರದಲ್ಲಿ ಯಾರಿಗೆ ತೋರಿಸಬೇಕು, ಕೈಗೆ ದಿನಾ ಯಾವ ವ್ಯಾಯಾಮ ಮಾಡಿಸಬೇಕು ಎಂದು ಚೀಟಿ ಬರೆದುಕೊಟ್ಟರು. ಹೋಗುವಾಗ, "ನಿನ್ನ ರಕ್ತಾನೂ ಹೊಳ್ಳಿ ತಪಾಸ ಮಾಡಿಸು. ವರ್ಷಕ್ಕೊಮ್ಮೆ ಮಾಡಿಸು. ಮತ್ತ ಬಸರಾಗೂಕಿಂತ ಮೊದಲ ನನ್ನ ಕಡೆ ಬಾ. ಇದು ಒಮ್ಮೆ ಬಂದಾಕಿಗೆ ಹೊಳ್ಳಿ ಬರ್ತೈತಿ" ಎಂದರು. ನಾನು ಹೌದ್ರಿ ಹೌದ್ರಿ ಎಂದು ತಲೆ ಆಡಿಸಿದೆ. ಹೋಗಲಿಲ್ಲ.

ಎರಡನೆಯ ಬಸುರಿನ ಬಗ್ಗೆ ಬರೆಯಲು ಕೈ ಬರುವುದಿಲ್ಲ, ಆದರೆ ಬಿಟ್ಟರೆ ಬಾಯಾರ ಚಿತ್ರ ಸುಳ್ಳಾಗುತ್ತದೆ. ಮೂರೇ ತಿಂಗಳಿಗೆ ಸಕ್ಕರೆ ಬಂತು. ಇಂಡಿಯ ಡಾಕ್ಟರರು ಗುಳಿಗೆ ಬರೆದುಕೊಟ್ಟು, ಹದಿನೈದು ದಿನಕ್ಕೊಮ್ಮೆ ತಪಾಸಣೆಗೆ ಬನ್ನಿ ಎಂದರು. ಮನೆಯಲ್ಲಿ ಅಂಗಡಿಯ ಸಕ್ಕರೆ ನಿಲ್ಲಿಸಿದರು. ಅಷ್ಟಕ್ಕೇ ಪಥ್ಯ ಮುಗಿಯಿತು. ಚಹಾಕ್ಕೆ ಬೆಲ್ಲ, ಹಾಲಿಗೆ ಬೆಲ್ಲ, ರೊಟ್ಟಿಗೆ ಬೆಲ್ಲ ತುಪ್ಪ. ನನ್ನ ಗಂಡ ಒಳ್ಳೆಯವರು. ಒಳ್ಳೆಯವರಾಗಿ ಸುಮ್ಮನೇ ಕೂತರು. ನಾನು ಒಮ್ಮೆ ಬೆಲ್ಲ ಬೇಡ ಅಂದಾಗ ಅತ್ತೆ, "ಗಾಣದ ಮನಿ ಸೊಸಿ ಬೆಲ್ಲ ಬ್ಯಾಡ ಅಂದಳಂತ ಊರಾಗ ಗೊತ್ತಾದ್ರ ನಮ್ಮ ಬೆಲ್ಲ ಯಾರ ಒಯ್ತಾರ?" ಎಂದು ಕಣ್ಣೀರು ತೆಗೆದರು. ನಾನು ತಿಂದೆ.

ಬುತ್ತಿಗಳು ಬರತೊಡಗಿದವು, ಬಾಯಾರೂ ಬರತೊಡಗಿದರು. ಒಂದು ಮಧ್ಯಾಹ್ನ ಎದುರು ಮನೆಯ ಗೌಡತಿ ತಂದ ಹೋಳಿಗೆಯನ್ನು ಅವರು ಚೀಲಕ್ಕೆ ಹಾಕಿಕೊಳ್ಳುವಾಗ ಅತ್ತೆ ತಡೆಯಲಾರದೆ ಅಂದರು: "ಬಾಯಾರ, ಬಸರಿ ಬಾಯಾಗಿಂದು ಕಸ್ಕೊಂಡು ತಿನ್ನಾಕತ್ತೀರಿ. ಬೇಕಾದ್ರ ನಿಮಗ ಬ್ಯಾರೇ ಕಟ್ಟಿ ಕೊಡ್ತೇನಿ, ಕೇಳಿ ಒಯ್ರಿ."

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಯಾರೂ ಒತ್ತಾಯ ಮಾಡಿರಲಿಲ್ಲ, ನಗು ಬಂದೂ ಇರಲಿಲ್ಲ. ಆ ಹೆಂಗಸರ ಪಕ್ಷದವಳು ಎಂದು ತೋರಿಸಿಕೊಳ್ಳಲು ನಕ್ಕೆ. ಬಾಯಾರು ಹೋದ ಮೇಲೆ ಅತ್ತೆ ಹಾಕಿದ ಇನ್ನೆರಡು ಹೋಳಿಗೆಯನ್ನು ಎಲ್ಲರೂ ನೋಡುವಂತೆ ತಿಂದೆ. ಅಂದಿನಿಂದ ಅವರು ನಮ್ಮ ಮನೆಯ ಎದುರು ಹಾಯ್ದರೆ ಒಳಗೆ ಸರಿದು ಕೂತೆ. ತಪಾಸಣೆಗೂ ಹೋಗುವುದನ್ನು ಬಿಟ್ಟೆ. ಅವರು ಎರಡು ಸಲ ಬಂದು ಕರೆದರು, ಮನೆಯಲ್ಲಿಲ್ಲ ಎಂದು ಹೇಳಿಸಿದೆ. ಎಂಟು ವಾರ.

ಒಂಬತ್ತು ತಿಂಗಳು ತುಂಬಲು ಹತ್ತು ದಿನವಿದ್ದಾಗ ಕೂಸು ಹೊರಳುವುದನ್ನು ನಿಲ್ಲಿಸಿತು. ಗಂಡು ಕೂಸು. ದೊಡ್ಡದಿತ್ತು. "ಎಷ್ಟ ದುಂಡಗ ಐತಿ ನೋಡು" ಎಂದು ಆಗಲೂ ಯಾರೋ ಅಂದರು. ಆ ದನಿ ಯಾರದೆಂದು ನನಗೆ ಗೊತ್ತಿದೆ, ಹೇಳುವುದಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ದಿನವೇ ಅತ್ತೆ ಅಂಟಿನ ಉಂಡಿ ಕಟ್ಟಿದರು, ಮೈ ಗಟ್ಟಿಯಾಗಬೇಕೆಂದು. ಮಡಿಲಲ್ಲಿ ಕೂಸಿಲ್ಲದ ಬಾಣಂತಿಯ ಎದುರು ಬೆಲ್ಲದ ಉಂಡಿ. ಬಾಯಾರು ಬಂದವರು ಆ ಡಬ್ಬಿಯನ್ನು ಕಾಲಿನಿಂದ ಆಚೆ ನೂಕಿದರು. ಅನ್ನವನ್ನು ಕಾಲಿನಿಂದ ಮುಟ್ಟಿದರೆಂದು ಅದೊಂದು ಗಲಾಟೆ ಬೇರೆ. ನಾನು ಅವರ ಕೈ ಹಿಡಿದು ಕೇಳಿದೆ: "ಆವತ್ತ ನಾ ಎರಡು ಹೋಳಿಗಿ ತಿಂದೆ ಬಾಯಾರ. ಅದಕ್ಕ ಹೀಂಗಾತ?"

"ಎರಡು ಹೋಳಿಗಿಗೆ ಕೂಸು ಹೋಗಂಗಿಲ್ಲ. ಎಂಟು ವಾರ ತಪಾಸ ಮಾಡಿಸಲಿಲ್ಲಲ್ಲ, ಗುಳಗಿ ಸಾಕಾತೋ ಇಲ್ಲೋ ನೋಡಿಸಲಿಲ್ಲಲ್ಲ. ಹೋಳಿಗಿ ಮ್ಯಾಲ ಹಾಕಿ ತಪ್ಪಿಸ್ಕೋಬ್ಯಾಡ" ಎಂದರು. ಸಮಾಧಾನದ ಒಂದು ಮಾತೂ ಇಲ್ಲ. ಅವರ ಕೈಯನ್ನು ಮಾತ್ರ ನಾನು ಬಿಡುವವರೆಗೆ ಅವರೂ ಬಿಡಲಿಲ್ಲ.

ಎರಡು ವರ್ಷದ ಮೇಲೆ, ಮೂರನೆಯದಕ್ಕೆ ಮೊದಲು, ನಾನೇ ಉಪಕೇಂದ್ರಕ್ಕೆ ಹೋಗಿ ಅವರ ಮುಂದೆ ನಿಂತೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಬಂದಿ?" ಎಂದು ಕುರ್ಚಿ ಸರಿಸಿಕೊಟ್ಟರು. ಈ ಸಲ ಬಸುರಾದಾಗ ಗುಳಿಗೆ ಸಾಲಲಿಲ್ಲ, ಇನ್ಸುಲಿನ್ ಚುಚ್ಚಿಕೊಳ್ಳಬೇಕಾಯಿತು. ಸೂಜಿ ಕಂಡರೆ ನಾನು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಬಾಯಾರು ಚೀಲದಿಂದ ಒಂದು ಲಿಂಬಿಕಾಯಿ ತೆಗೆದರು. ನಮ್ಮ ಇಂಡಿ ಕಡೆ ಅದಕ್ಕೇನು ಬರ. ಸಿರಿಂಜಿಗೆ ಬರೀ ನೀರು ತುಂಬಿ, "ಇದು ನಿನ್ನ ಹೊಟ್ಟಿ ಅಂತ ತಿಳಕೋ, ಚುಚ್ಚು" ಎಂದರು. ಒಂದು ವಾರ ಲಿಂಬಿಕಾಯಿಗೆ ಚುಚ್ಚಿದೆ. ಎಂಟನೆಯ ದಿನ ನನಗೆ ನಾನೇ ಚುಚ್ಚಿಕೊಂಡೆ. ಅವರು ಆ ತೂತುಬಿದ್ದ ಲಿಂಬಿಕಾಯಿಗಳನ್ನು ಕಸಕ್ಕೆ ಹಾಕಿ, "ಈಗ ಕಲ್ತಿ" ಎಂದರು.

ಚೀಲದ ಗುಟ್ಟು ತಿಳಿದದ್ದೂ ಆಗಲೇ. ಮತ್ತೆ ಬುತ್ತಿಗಳು ಬಂದಿದ್ದವು, ಮತ್ತೆ ಅವರು ಬಂದು ಬಳಿದುಕೊಂಡು ಹೋಗಿದ್ದರು. ನನಗೆ ಕೊಡಬೇಕಾದ ತಾಯಿ ಕಾರ್ಡ್ ಕೊಡಲು ಮರೆತು ಹೋಗಿದ್ದರೆಂದು ನಾನು ಹಿಂದೆಯೇ ಕ್ರಾಸಿನವರೆಗೆ ನಡೆದೆ. ಬಾಯಾರು ಗಟಾರದ ಅಂಚಿಗೆ ನಿಂತು ಚೀಲದಿಂದ ಪೊಟ್ಟಣ ತೆಗೆದು ಹಂದಿಗಳಿಗೆ ಎಸೆಯುತ್ತಿದ್ದರು. ಹೋಳಿಗೆ, ಉಂಡಿ, ಕರ್ಚಿಕಾಯಿ. ಎಸೆದು ಬಾಟಲಿಯ ನೀರಿನಿಂದ ಕೈ ತೊಳೆದು, ಮೂಸಿ ನೋಡಿ, ಮುಖ ಕಿವುಚಿ, ಮತ್ತೆ ತೊಳೆದರು. ನನ್ನನ್ನು ಕಂಡು ಬಾಟಲಿಯ ಮುಚ್ಚಳ ಹಾಕಿ ಚೀಲಕ್ಕೆ ಇಳಿಸಿದರು.

"ನನಗೂ ಇತ್ತವಾ ಇದು" ಎಂದರು ಆಮೇಲೆ. "ಚೊಚ್ಚಲದ್ದು ಹೋತು. ಎರಡನೇದು ಈ ಮಗಾ, ನಾಕೂವರಿ ಕಿಲೋ. ಆಗಲೇ ನರ್ಸ ಇದ್ದೆ ನಾ. ಹೆರಿಗಿ ಆದ ಮ್ಯಾಲ ಹೋಗ್ತೈತಿ ಅಂತ ಮಂದಿಗೆ ಹೇಳತಿದ್ದೆ, ನಾನೂ ಅದನ್ನ ನಂಬಿದೆ. ಎಂಟು ವರ್ಷ ತಪಾಸ ಮಾಡಿಸಲಿಲ್ಲ. ಕಣ್ಣು ಮಂಜಾದ ಮ್ಯಾಲ ನೋಡಿದ್ರ ಮುನ್ನೂರು. ಊರ ಮಂದೀದೆಲ್ಲ ರಜಿಸ್ಟರದಾಗ ಬರ್ಕೊಂಡೆ, ನಂದು ಬರ್ಕೊಳ್ಳಲಿಲ್ಲ. ಸಿಹಿ ವಾಸನಿ ಬಂದ್ರ ಈಗ ಹೊಟ್ಟಿ ತೊಳಸ್ತೈತಿ ನನಗ."

"ಮತ್ತ ಮಂದಿಗೆ ಹೇಳಬಾರದೇನ್ರಿ? ಎಷ್ಟ ಬೈತಾರ ನಿಮಗ."

"ತಾಟು ಬಿಟ್ರ ನಿನಗ ಬೈತಾರ. ನಾ ಒಯ್ದರ ನನಗ ಬೈತಾರ. ಬೈಲಿ ಬಿಡು. ನನಗ ಬೈಸ್ಕೊಂಡು ಅಭ್ಯಾಸ ಐತಿ."

ಅಷ್ಟರಲ್ಲಿ ಬಸ್ ಬಂತು, ಹತ್ತಿಹೋದರು. ನಾನು ಅದನ್ನು ಊರಿಗೆ ಹೇಳಬೇಕಿತ್ತು. ಹೇಳಿದರೆ ತಂದ ಹೋಳಿಗೆ ಹಂದಿಯ ಪಾಲಾಯಿತೆಂದು ಅವರನ್ನು ಓಣಿಗೇ ಬಿಡುತ್ತಿರಲಿಲ್ಲ, ಮುಂದಿನ ಬಸುರಿಯರ ತಾಟು ಹಾಗೇ ಉಳಿಯುತ್ತಿತ್ತು. ಸುಮ್ಮನಿದ್ದೆ. ಇದು ಕಾರಣವೋ ನೆವವೋ ನನಗೆ ಇಂದಿಗೂ ಗೊತ್ತಿಲ್ಲ.

ಮೂರನೆಯದು ಮತ್ತೆ ಹೆಣ್ಣು, ಎರಡು ಕಿಲೋ ಒಂಬತ್ತು ನೂರು ಗ್ರಾಮು. ಎರಡೂ ಕೈ ಬಡಿದು ಅತ್ತಿತು. ಅತ್ತೆ ನೋಡಿ, "ಇಲಿಮರಿ ಆಗೇತಿ. ಬೆಲ್ಲ ತಿನ್ನಲಿಲ್ಲಲ್ಲ" ಎಂದರು. ಬಾಯಾರು ಮನೆಗೆ ಬಂದು ತಮ್ಮ ತಕ್ಕಡಿಯಲ್ಲಿ ಮೂರು ಸಲ ತೂಗಿದರು. ಬಲಗೈ ಎತ್ತಿ ನೋಡಿದರು, ಎಡಗೈ ಎತ್ತಿ ನೋಡಿದರು. "ಛಲೋ ಐತಿ" ಎಂದರು. ಅವರ ಬಾಯಿಂದ ನಾನು ಆ ಮಾತು ಕೇಳಿದ್ದು ಅದೊಂದೇ ಸಲ. ಅಂದಿನಿಂದ ಪ್ರತಿ ವರ್ಷ ಅವಳ ಹುಟ್ಟುಹಬ್ಬದ ದಿನ ಫೋನ್ ಬರುತ್ತಿತ್ತು. ಮಗುವಿಗೆ ಹಾರೈಕೆ ಗೀರೈಕೆ ಏನಿಲ್ಲ. "ರಕ್ತ ತಪಾಸ ಮಾಡಿಸಿದಿ? ಎಷ್ಟ ಬಂತು?" ಅಷ್ಟೇ.

ನಿವೃತ್ತಿಯ ದಿನ ಊರು ಅವರಿಗೆ ಶಾಲು ಹೊದಿಸಿತು. ಪಂಚಾಯಿತಿಯ ಒಬ್ಬ ದೊಡ್ಡ ಮನುಷ್ಯ, "ನಮ್ಮ ಬಾಯಾರಿಗೆ ಸಿಹಿ ಅಂದ್ರ ಪ್ರಾಣ" ಎಂದು ಮೈಕಿನಲ್ಲಿ ನಗೆಯಾಡಿ, ಒಂದು ಪೇಢೆ ತಂದು ಬಾಯಿಗೆ ತುರುಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಸಾಲು ಹಚ್ಚಿ ತುರುಕಿದರು. ಬಾಯಾರು ಕರವಸ್ತ್ರ ಬಾಯಿಗೆ ಹಿಡಿದುಕೊಂಡು ಕೂತಿದ್ದರು. ಆಗಲೇ ಅವರ ಕಿಡ್ನಿ ಕೆಟ್ಟಿತ್ತು. ಆ ಬೆರಳುಗಳು, ಆ ಪೇಢೆ, ಆ ನಗು: ಅದಕ್ಕಿಂತ ಹೊಲಸು ದೃಶ್ಯವನ್ನು ನಾನು ಕಂಡಿಲ್ಲ.

ಬಾಯಾರ ದಿವಸಕ್ಕೆ ನಮ್ಮ ಓಣಿಯ ಹೆಂಗಸರೆಲ್ಲ ಒಂದು ಟಂಟಂ ಆಟೋ ಮಾಡಿಕೊಂಡು ಇಂಡಿಗೆ ಹೋದೆವು. ಸತ್ತವರಿಗೆ ಅವರು ಇಷ್ಟಪಡುತ್ತಿದ್ದುದನ್ನು ಎಡೆ ಇಡಬೇಕಲ್ಲ. ಪ್ರತಿಯೊಬ್ಬರ ತೊಡೆಯ ಮೇಲೂ ಒಂದೊಂದು ಬುತ್ತಿ. ಅತ್ತೆಗೆ ಈಗ ತಮಗೇ ಸಕ್ಕರೆ ಬಂದಿದೆ, ಎರಡು ಹೊತ್ತು ಗುಳಿಗೆ ನುಂಗುತ್ತಾರೆ, ಬೆಲ್ಲದ ಚಹಾ ಬಿಟ್ಟಿಲ್ಲ. ಅವರೂ ಹೋಳಿಗೆ ಮಾಡಿಕೊಂಡು ಬಂದಿದ್ದರು. ಗೌಡತಿ ತನ್ನ ಸೊಸೆ ಆರು ತಿಂಗಳ ಬಸುರಿ, ಕರೆತರಬಾರದೆಂದು ಬಿಟ್ಟು ಬಂದೆ ಎಂದಳು. ಆ ಹುಡುಗಿ ಹಿಂದಿನ ವಾರ ಉಪಕೇಂದ್ರದ ಕಟ್ಟೆಯಿಂದ ಎದ್ದು ಬರುವಾಗ ಮುಖ ಸಣ್ಣ ಮಾಡಿಕೊಂಡು, "ನನಗೂ ಸಕ್ಕರಿ ಬಂದೈತಂತ ಅಕ್ಕಾ. ನಮ್ಮ ಅತ್ತೀಗೆ ಹೆಂಗ ಹೇಳ್ಲಿ" ಎಂದಿದ್ದಳು.

ಬಾಯಾರ ಫೋಟೋದ ಎದುರಿನ ತಾಟು ನೋಡಿ ನಾನು ಬಾಗಿಲಲ್ಲೇ ನಿಂತೆ. ಹೋಳಿಗೆಯ ಗುಡ್ಡೆ, ಉಂಡಿ, ಪೇಢೆ, ಮೇಲೆ ಸುರಿದ ತುಪ್ಪ, ತುಪ್ಪದ ಮೇಲೆ ನೊಣ. ಫೋಟೋದಲ್ಲಿ ಅವರ ಮೂಗು ಸ್ವಲ್ಪ ಮೇಲೇರಿಯೇ ಇತ್ತು. ಮಗ ಒಂದು ಮೂಲೆಯಲ್ಲಿ ಕೈ ಕಟ್ಟಿ ನಿಂತಿದ್ದ, ಬಂದವರಿಗೆ ಬೇಡವೆನ್ನಲು ಬಾರದವನ ಹಾಗೆ.

ನಾನು ಬುತ್ತಿ ತಂದ ಚೀಲವನ್ನು ಬರಿದು ಮಾಡಿಕೊಂಡು ಮುಂದೆ ಹೋಗಿ ಕೂತೆ. ಪಕ್ಕದಲ್ಲಿದ್ದ ದೊಡ್ಡ ಮಗಳಿಗೆ, "ಚೀಲದ ಬಾಯಿ ಹಿಡಿ" ಎಂದೆ. ಅವಳಿಗೆ ಈಗ ಹದಿಮೂರು. ಬಲಗೈಯಲ್ಲಿ ಹಿಡಿದಳು, ಎಡಗೈ ಅಷ್ಟು ಎತ್ತರಕ್ಕೆ ಬರುವುದಿಲ್ಲ. ತಾಟಿನಲ್ಲಿದ್ದುದನ್ನೆಲ್ಲ ಬಳಿದು ಚೀಲಕ್ಕೆ ಹಾಕಿದೆ.

"ಸತ್ತೋರ ಎಡಿಗೆ ಕೈ ಹಾಕ್ತಿಯಲ್ಲ. ಏನ ಬಂದೈತಿ ನಿನಗ?" ಎಂದರು ಅತ್ತೆ.

"ಬಾಯಾರಿಗೆ ಸಿಹಿ ಸೇರತಿರಲಿಲ್ಲ ಅತ್ತೀ. ಅವರು ತಿನ್ನಾಕ ಒಯ್ತಿರಲಿಲ್ಲ. ನಮ್ಮ ಹೊಟ್ಟಿಗೆ ಹೋಗಬಾರದಂತ ಒಯ್ತಿದ್ದರು" ಎಂದೆ.

ಯಾರೂ ನಂಬಲಿಲ್ಲ. ನಾನು ತಂದಿದ್ದ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಕೆಂಪು ಖಾರ ತಾಟಿಗಿಟ್ಟೆ. ಮಗ ಒಳಗೆ ಹೋದವನು ಒಂದು ಉಳ್ಳಾಗಡ್ಡಿ ತಂದು, ಗುದ್ದಿ ಒಡೆದು, ರೊಟ್ಟಿಯ ಮಗ್ಗುಲಿಗೆ ಇಟ್ಟ.

ಬರುವಾಗ ಟಂಟಂನಲ್ಲಿ ಚೀಲ ನನ್ನ ತೊಡೆಯ ಮೇಲಿತ್ತು. ತುಪ್ಪ ಸೋರಿ ಸೀರೆಗೆ ಹತ್ತುತ್ತಿತ್ತು. ಹಿಂದೆ ಕೂತವರು ಪಿಸುಗುಟ್ಟಿದರು, ನಕ್ಕರು. ಕೊನೆಗೆ ಗೌಡತಿ ಮುಂದಕ್ಕೆ ಬಾಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಸೋಮವಾರ ನಮ್ಮ ಸೊಸಿಗೆ ಬುತ್ತಿ ತರ್ತಾರ, ಬರ್ರಿ. ಬರುವಾಗ ಚೀಲಾನೂ ತರ್ರಿ ಮತ್ತ."

ಮಗಳು ನನ್ನ ಮುಖ ನೋಡಿದಳು.

"ತರ್ತೇನಿ" ಎಂದೆ.